ಇಳಿಯದೆ ಮೇಲೇರಿದ ವಿಮಾನ: ಗಾಬರಿ ಬೇಡ

ಹಾಲಾಡಿ: ಮುಂಬಯಿ, ದುಬೈಗಳಿಂದ ಈ ಭಾಗಕ್ಕೆ ವಿಮಾನದಲ್ಲಿ ಮರಳುವವರು ಸಾಮಾನ್ಯವಾಗಿ ಇಳಿಯುವುದು ಮಂಗಳೂರಿನ ಬಜಪೆಯಲ್ಲಿ. ಮಳೆಗಾಲದಲ್ಲಿ ಇನ್ನೇನು ನೆಲ ಮುಟ್ಟಬೇಕೆನ್ನುವಾಗ ವಿಮಾನ ಮತ್ತೆ ಮೇಲೇರಿದರೆ ಎದೆ ನಡುಗುವುದು ಸಹಜ. ಆದರೆ ‘ಗೋ ಅರೌಂಡ್’ ಎನ್ನುವ ಈ ಕ್ರಮ ಸುರಕ್ಷತೆಗಾಗಿಯೇ ಇದೆ.

ರನ್‌ವೇಗೆ ಅಡ್ಡಲಾಗಿ ಬೀಸುವ ಗಾಳಿ ವಿಮಾನವನ್ನು ಬದಿಗೆ ತಳ್ಳುತ್ತದೆ. ಲೆಕ್ಕಕ್ಕೆ ಬರುವುದು ಗಾಳಿಯ ಒಟ್ಟು ವೇಗವಲ್ಲ, ಅಡ್ಡ ಒತ್ತಡ. 40 ನಾಟ್ ವೇಗದ ಗಾಳಿ 30 ಡಿಗ್ರಿ ಓರೆಯಾಗಿ ಬೀಸಿದರೆ ಅಡ್ಡಗಾಳಿ 20 ನಾಟ್ ಮಾತ್ರ. ಇದಕ್ಕೆ ವಿಮಾನಯಾನ ಸಂಸ್ಥೆಗಳು ಮಿತಿ ನಿಗದಿಪಡಿಸಿರುತ್ತವೆ. ರನ್‌ವೇ ಒದ್ದೆಯಾಗಿ ಜಾರುವಂತಿದ್ದರೆ ಮಿತಿ ಇನ್ನೂ ಕಡಿಮೆ. ಗಾಳಿ ಮಿತಿ ಮೀರಿದರೆ, ರನ್‌ವೇ ಕಾಣದಿದ್ದರೆ, ಎತ್ತರ ಅಥವಾ ವೇಗ ಹದಕ್ಕೆ ಬಾರದಿದ್ದರೆ ಪೈಲಟ್ ಇಳಿಯುವ ಯತ್ನ ಕೈಬಿಡಬೇಕು.

2010ರ ಮೇ 22ರಂದು ಬಜಪೆಯಲ್ಲಿ ಗಾಳಿ ಶಾಂತವಾಗಿಯೇ ಇತ್ತು. ದುಬೈನಿಂದ ಬಂದ ವಿಮಾನ ಅಗತ್ಯಕ್ಕಿಂತ ಎತ್ತರದಲ್ಲಿತ್ತು. ಸಹ ಪೈಲಟ್ ‘ಗೋ ಅರೌಂಡ್’ ಎಂದು ಎಚ್ಚರಿಸಿದರೂ ಕ್ಯಾಪ್ಟನ್ ಇಳಿಸಲು ಮುಂದಾದರು. ವಿಮಾನ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಮಂದಿ ಮೃತಪಟ್ಟರು.

ಆದ್ದರಿಂದ ವಿಮಾನ ಮತ್ತೊಂದು ಸುತ್ತು ಹೊಡೆದರೆ, ಬೆಂಗಳೂರಿಗೆ ತಿರುಗಿದರೆ, ಪೈಲಟನ್ನು ಶಪಿಸಬೇಕಿಲ್ಲ. ಮನೆ ತಲುಪುವುದು ತಡವಾದೀತು, ಅಷ್ಟೇ.