ಕಚ್ಚದ ಹಾವಿಗೂ ಕಲ್ಲೇಟು

ಕುಮಾರಪರ್ವತದ ಹಾದಿಯಲ್ಲಿ, ಗಿರಿಗದ್ದೆ ಇನ್ನೂ ದೂರವಿರುವಾಗಲೇ, ಕಾಲುದಾರಿಯ ಅಂಚಿನಲ್ಲಿ ಅದು ಬಿದ್ದಿತ್ತು. ಗೇಣಿಗಿಂತ ತುಸು ಉದ್ದ, ಕಿರುಬೆರಳಿನಷ್ಟು ದಪ್ಪ. ನಡುಭಾಗ ಜಜ್ಜಿಹೋಗಿತ್ತು. ಪಕ್ಕದಲ್ಲೇ ಮುಷ್ಟಿಗಾತ್ರದ ಕಲ್ಲು, ಅದಕ್ಕಂಟಿದ ಒಂದೆರಡು ಹುರುಪೆ. ತಲೆಯ ಕಡೆ ಇನ್ನೂ ಜೀವವಿತ್ತು. ಮಳೆ ಹಿಂದೆ ಸರಿದು ಚಾರಣ ಶುರುವಾಗಿದ್ದ ದಿನಗಳು. ನಮಗಿಂತ ಮುಂದೆ ಹೋದವರು ಯಾರೋ ಎತ್ತಿಹಾಕಿದ್ದಾರೆ.

ಕುಕ್ಕರಗಾಲಲ್ಲಿ ಕೂತು ನೋಡಿದೆ. ಮೊದಲು ಬರೀ ಕಡುಕಂದು ಅನ್ನಿಸಿದ ಮೈ, ಎಲೆಗಳ ಸಂದಿಯಿಂದ ಬಿಸಿಲು ಬಿದ್ದದ್ದೇ ನೇರಳೆಗೆ, ನೀಲಿಗೆ ತಿರುಗಿತು. ಪಕ್ಕೆಯಲ್ಲಿ ಹಳದಿ ಗೆರೆ. ಬಾಲ ಚೂಪಾಗಿರಲಿಲ್ಲ, ಓರೆಯಾಗಿ ಕತ್ತರಿಸಿದ ಹಾಗೆ ಮೊಂಡಾಗಿತ್ತು. ಆ ಮೊಂಡು ತುದಿಯ ಮೇಲೆ ಹಸಿಮಣ್ಣಿನದೊಂದು ಬಿಲ್ಲೆ ಗಟ್ಟಿಯಾಗಿ ಕೂತಿತ್ತು.

"ಎರಡು ತಲೆದು ಅಂತ ಕೊಲ್ತಾರೆ ಸರ್. ಇಲ್ಲಾಂದ್ರೆ ಕೊಳಕು ಮಂಡಲದ ಮರಿ ಅಂತ," ಎಂದರು ಜೊತೆಗಿದ್ದ ಗೈಡ್. ಸುಬ್ರಹ್ಮಣ್ಯದ ಕಡೆಯವರು, ಈ ಬೆಟ್ಟ ಹತ್ತಿಳಿದೇ ಬೆಳೆದವರು.

ಹಾವಿನ ತಜ್ಞರು ಇದನ್ನು ಶೀಲ್ಡ್‌ಟೇಲ್ ಎನ್ನುತ್ತಾರೆ. ಭಾರತದ ಪರ್ಯಾಯದ್ವೀಪ ಭಾಗದ ಬೆಟ್ಟಗಾಡು ಮತ್ತು ಶ್ರೀಲಂಕಾ ಬಿಟ್ಟರೆ ಜಗತ್ತಿನ ಇನ್ನಾವ ಮೂಲೆಯಲ್ಲೂ ಈ ಕುಟುಂಬವಿಲ್ಲ. ಮದ್ರಾಸ್ ಪ್ರಾಂತ್ಯದ ಅರಣ್ಯ ಇಲಾಖೆಯಲ್ಲಿದ್ದ ರಿಚರ್ಡ್ ಹೆನ್ರಿ ಬೆಡ್ಡೋಮ್ 19ನೇ ಶತಮಾನದಲ್ಲಿ ಬೆಟ್ಟ ಬೆಟ್ಟ ಅಲೆದು ಇವುಗಳಲ್ಲಿ ಹಲವನ್ನು ಮೊದಲ ಬಾರಿಗೆ ವಿಜ್ಞಾನಕ್ಕೆ ಪರಿಚಯಿಸಿದರು. ವಿಷವಿಲ್ಲ. ಕೈಗೆತ್ತಿಕೊಂಡರೂ ಕಚ್ಚುವ ಗೋಜಿಗೆ ಹೋಗುವುದಿಲ್ಲ, ಬೆರಳಿಗೆ ಸುತ್ತಿಕೊಂಡು ತಲೆ ಹುದುಗಿಸುತ್ತದೆ. ಮುಖ್ಯ ಆಹಾರ ಎರೆಹುಳು. ಮೊಟ್ಟೆಯಿಡದೆ ಮರಿ ಹಾಕುತ್ತದೆ. ಬದುಕೆಲ್ಲ ಹೆಚ್ಚುಕಡಿಮೆ ಮಣ್ಣಿನೊಳಗೇ. ಮಳೆಗಾಲದಲ್ಲಿ, ಅದರ ಬೆನ್ನಿಗೆ ಬರುವ ತಂಪು ದಿನಗಳಲ್ಲಿ ಮೇಲೆ ಕಾಣಿಸುತ್ತದೆ.

ಆ ಮಣ್ಣಿನ ಬಿಲ್ಲೆ ಅಂದಿನಿಂದ ನನ್ನ ತಲೆಯೊಳಗೇ ಕೂತಿದೆ. ಬಾಲದ ತುದಿಯ ಒರಟು ಹುರುಪೆಗಳಿಗೆ ಮಣ್ಣು ಮೆತ್ತಿಕೊಳ್ಳುತ್ತದೆ. ಹಾವು ಬಿಲ ಕೊರೆದು ಮುಂದೆ ಸಾಗಿದರೆ ಬಾಲವೇ ಹಿಂದಿನ ಬಾಗಿಲಿಗೆ ಬಿರಡೆ. ಬೆನ್ನಟ್ಟಿ ಬಂದ ವೈರಿಗೆ ಎದುರಾಗುವುದು ಬರೀ ಮಣ್ಣು. ಕೊರೆಯುವ ಬಗೆ ಇನ್ನೂ ಸೋಜಿಗದ್ದು. 1978ರಲ್ಲಿ ಕಾರ್ಲ್ ಗ್ಯಾನ್ಸ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಇದನ್ನು ಗೂಡ್ಸ್ ರೈಲಿಗೆ ಹೋಲಿಸಿದರು. ಮೈಯ ಮುಂಭಾಗದ ಸ್ನಾಯುಗಳಲ್ಲಿ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ಹೇರಳ. ಸುಲಭವಾಗಿ ದಣಿಯದ ಎಂಜಿನ್ ಅದು. ಹಿಂದಿನದೆಲ್ಲ ಎಳೆಸಿಕೊಂಡು ಬರುವ ಬೋಗಿಗಳು. ಬೆನ್ನೆಲುಬು ಚರ್ಮದೊಳಗೇ ಸೊಟ್ಟಸೊಟ್ಟಗೆ ಬಾಗುತ್ತದೆ, ಆಗ ಮೈ ಉಬ್ಬಿ ಬಿಲದ ಗೋಡೆಗೆ ಒತ್ತಿ ನಿಲ್ಲುತ್ತದೆ, ಆ ಆಸರೆಯಿಂದ ಚೂಪು ತಲೆ ಮುಂದಕ್ಕೆ ನುಗ್ಗುತ್ತದೆ. ಇಷ್ಟೆಲ್ಲ ಹದವಾದ ಮಣ್ಣಿಗೆ ಹೊಂದಿದ ಸಾಧನ. ಸಾವಿರಾರು ಬೂಟುಗಳು ತುಳಿದು ಕಲ್ಲಾಗಿಸಿದ ದಾರಿಯ ಮೇಲೆ ಅದು ಎಲ್ಲಿಗೆ ನುಗ್ಗಬೇಕು? ಸರಸರ ಓಡಲೂ ಬಾರದು. ಇದನ್ನು ಕೊಲ್ಲಲು ಧೈರ್ಯವೇ ಬೇಕಿಲ್ಲ.

ನನ್ನನ್ನು ಕಲಕಿದ್ದು ಇದು ನಡೆದ ಜಾಗ. ಈ ಹಾದಿ ಹೊರಡುವುದು ಕುಕ್ಕೆಯಿಂದ. ಹಾವು ಕೊಂದ ದೋಷ ಕಳೆಯಲು ಜನ ಸರ್ಪಸಂಸ್ಕಾರ ಮಾಡಿಸುವ, ಆಶ್ಲೇಷಾ ಬಲಿ ಕೊಡಿಸುವ ಕ್ಷೇತ್ರ. ಮೇಲೆ ಹತ್ತಿದರೆ ದಾರಿಯಲ್ಲಿ ಸಿಗುವುದು ಶೇಷಪರ್ವತ. ನಾಗಾರಾಧನೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಕರಾವಳಿಯಲ್ಲಿ ಎಷ್ಟೋ ತುಂಡು ಕಾಡು ಉಳಿದಿರುವುದೇ ನಾಗಬನಗಳ ದೆಸೆಯಿಂದ. ಆದರೆ ನಮ್ಮ ಭಕ್ತಿ ಹೆಡೆಯಿದ್ದವರಿಗೆ ಮಾತ್ರ ಸಲ್ಲುತ್ತಿದೆ ಎಂದು ನನಗೀಗ ಅನ್ನಿಸುತ್ತಿದೆ. ಹೆಡೆಯಿಲ್ಲದ, ಹೆಸರೂ ಗೊತ್ತಿಲ್ಲದ ಹಾವು ಸತ್ತರೆ ಯಾರೂ ದೋಷ ಎಣಿಸುವುದಿಲ್ಲ.

ಭಯ ಸುಳ್ಳಲ್ಲ. 2000ದಿಂದ 2019ರವರೆಗೆ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವು ಕಡಿತದಿಂದ ಸತ್ತರೆಂಬ ಅಂದಾಜಿದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು ಸರಿಯಾಗಿಯೇ ಇದೆ. ಆ ಸಾವುಗಳ ಬಹುಪಾಲು ಹಳ್ಳಿಗಳಲ್ಲಿ, ಹೊಲಗದ್ದೆಗಳಲ್ಲಿ ದುಡಿಯುವವರದು. ಕತ್ತಲಲ್ಲಿ ನೀರು ಕಟ್ಟಲು ಹೋದ ರೈತ ಕೋಲೆತ್ತಿದರೆ ನಾನು ಆಡಿಕೊಳ್ಳಲಾರೆ. ಹಗಲು ಹೊತ್ತಿನಲ್ಲಿ, ಕಾಡು ನೋಡಲೆಂದೇ ಹಣ ಕೊಟ್ಟು ಬಂದವರದು ಬೇರೆ ಮಾತು. ಕಣ್ಣಿಗೇ ಕುಕ್ಕುತ್ತದೆಂದು ಹಸಿರು ಹಾವನ್ನು ಬಡಿಯುತ್ತಾರೆ. ಬೇಟೆಗಾಗಿ ಒಂದೇ ಕಡೆ ಕಾದು ಕೂತ ಮಲಬಾರ್ ಪಿಟ್ ವೈಪರನ್ನು ಫೋಟೊಗೆ ಹಿನ್ನೆಲೆ ಚೆನ್ನಾಗಿಲ್ಲವೆಂದು ಕೊಂಬೆ ಸಮೇತ ಎತ್ತಿ ಬೇರೆಡೆ ಇಡುತ್ತಾರೆ. ಕಲ್ಲು ಹಾಕಿದವರಷ್ಟೇ ಇವರ ಮೇಲೂ ನನಗೆ ಸಿಟ್ಟಿದೆ, ಏಕೆಂದರೆ ಇವರು ತಮ್ಮನ್ನು ಪ್ರಕೃತಿಪ್ರಿಯರೆಂದು ಕರೆದುಕೊಳ್ಳುವವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಭಯಾರಣ್ಯದೊಳಗೆ ವನ್ಯಜೀವಿಗೆ ಹಾನಿ ಮಾಡುವುದು ಅಪರಾಧ, ಅದಕ್ಕೆ ವಿಷ ಇರಲಿ ಬಿಡಲಿ.

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಈ ಬೆಟ್ಟಕ್ಕೆ ಜನ ಮುಗಿಬಿದ್ದ ಮೇಲೆ ಚಾರಣ ನಿಂತು, ಮುಂದೆ ಆನ್‌ಲೈನ್ ಬುಕಿಂಗ್ ಬಂತು, ದಿನಕ್ಕಿಷ್ಟೇ ಜನ ಎಂಬ ಮಿತಿ ಬಂತು. ಒಳ್ಳೆಯದಾಯಿತು. ಎಷ್ಟು ಜನ ಹತ್ತಬೇಕೆಂಬುದು ತೀರ್ಮಾನವಾಗಿದೆ. ಹತ್ತುವವರಿಗೆ ಏನು ಗೊತ್ತಿರಬೇಕೆಂಬುದು ಬಾಕಿಯಿದೆ. ರಾಜ್ಯದ ಹಲವು ಚಾರಣದ ಹಾದಿಗಳಲ್ಲಿ ಚೀಲ ಬಿಚ್ಚಿಸಿ ಪ್ಲಾಸ್ಟಿಕ್ ಬಾಟಲಿ ಎಣಿಸುತ್ತಾರೆ. ಅದೇ ಹೊತ್ತಿನಲ್ಲಿ ನಾಲ್ಕು ಹಾವಿನ ಚಿತ್ರ ತೋರಿಸಿ, ಕಂಡರೆ ನಾಲ್ಕು ಹೆಜ್ಜೆ ಹಿಂದೆ ನಿಲ್ಲಿ, ಅದರ ಪಾಡಿಗೆ ಹೋಗಲು ಬಿಡಿ, ಗಾಯಗೊಂಡದ್ದು ಸಿಕ್ಕರೆ ಮುಟ್ಟದೆ ಅರಣ್ಯ ಸಿಬ್ಬಂದಿಗೆ ತಿಳಿಸಿ ಎಂದರೆ ಆಯಿತು.

ಇದನ್ನೇ ಗೈಡ್ ಹತ್ತಿರ ಹೇಳಿದೆ. ಅವರು ಮೊಬೈಲ್ ತೆಗೆದು ಶೀಲ್ಡ್‌ಟೇಲಿನ ಫೋಟೊ ತೋರಿಸಿದರು. "ನಾನು ಹೊರಡುವಾಗಲೇ ಇದನ್ನು ತೋರಿಸ್ತೇನೆ ಸರ್. ಎರೆಹುಳು ತಿನ್ನುದು, ಕಚ್ಚುದಿಲ್ಲ, ನಮ್ಮ ಘಟ್ಟದಲ್ಲಿ ಬಿಟ್ರೆ ಹೆಚ್ಚು ಕಡೆ ಸಿಗುದಿಲ್ಲ ಅಂತ ಹೇಳ್ತೇನೆ. ಮತ್ತೆ ದಾರಿ ಉದ್ದಕ್ಕೂ ಹುಡುಗರು ಅದನ್ನೇ ಹುಡುಕ್ತಾ ಬರ್ತಾರೆ."