ಕಾಣಿಕೆಯ ಲೆಕ್ಕ ಯಾರಿಗೆ?

‘ದಾನವಾಗಿ ಬಂದ ಎಮ್ಮೆಯ ಹಲ್ಲು ಎಣಿಸಬಾರದು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಪಡೆದವನು ಕೃತಜ್ಞನಾಗಿರಬೇಕೆಂಬುದು ಈ ಗಾದೆಯ ಆಶಯ. ಆದರೆ ಕೊಡುವವರೂ ಹಂಚುವವರೂ ಇದೇ ಗಾದೆಯ ಮರೆಯಲ್ಲಿ ನಿಂತು ತಮ್ಮ ಹೊಣೆಯಿಂದ ನುಣುಚಿಕೊಳ್ಳುವುದುಂಟು. ಹಂಚುವವರ ಸಾಲಿನಲ್ಲಿ ನಾವೂ ಇದ್ದೇವೆ. ಆದ್ದರಿಂದ ಮಾತನ್ನು ನಮ್ಮಿಂದಲೇ ಆರಂಭಿಸುತ್ತೇವೆ.

2019ರ ಆಗಸ್ಟ್ ತಿಂಗಳ ಮಳೆಯನ್ನು ಮಲೆನಾಡಿಗರು ಮರೆತಿಲ್ಲ. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಮುಂತಾದೆಡೆ ಗುಡ್ಡ ಕುಸಿದು ಮನೆಗಳೂ ತೋಟಗಳೂ ಮಣ್ಣುಪಾಲಾದವು. ಕಳಸದ ಬಳಿ ಹೆಬ್ಬಾಳೆ ಸೇತುವೆ ಭದ್ರೆಯಲ್ಲಿ ಮುಳುಗಿತು. ನಮ್ಮ ಧರ್ಮಕೇಂದ್ರದಲ್ಲಿಯೂ ಭಾನುವಾರದ ಬಲಿಪೂಜೆಯಲ್ಲಿ ಸಂತ್ರಸ್ತರಿಗಾಗಿ ವಿಶೇಷ ಕಾಣಿಕೆ ಸಂಗ್ರಹಿಸಲಾಯಿತು. ಸಭಾಭವನದಲ್ಲಿ ಬಟ್ಟೆಗಳು ರಾಶಿಬಿದ್ದವು. ಅವುಗಳಲ್ಲಿ ಹರಿದ ಸೀರೆಗಳೂ ಗುಂಡಿ ಕಿತ್ತುಹೋದ ಅಂಗಿಗಳೂ ಇದ್ದವು. ನಾವೇ ಉಡಲಾರದ್ದನ್ನು ಮನೆ ಕಳೆದುಕೊಂಡವರಿಗೆ ಕಳುಹಿಸುವುದು ದಾನವೋ, ಬೀರು ಬರಿದು ಮಾಡುವ ಉಪಾಯವೋ?

ಅಕ್ಕಿ, ಬೇಳೆ, ಕಂಬಳಿಗಳನ್ನು ಹಂಚಿದ ಮೇಲೂ ಒಂದಿಷ್ಟು ಹಣ ಉಳಿಯಿತು. ಸಭಾಭವನದ ಮಾಡು ಸೋರುತ್ತಿತ್ತು. ಉಳಿದ ಹಣದಲ್ಲಿ ಅದನ್ನು ದುರಸ್ತಿ ಮಾಡೋಣವೆಂಬ ಸಲಹೆ ಬಂದಾಗ ನಾವೂ ತಲೆಯಾಡಿಸಿದೆವು. ಮುಂದಿನ ಭಾನುವಾರ, ಎಸ್ಟೇಟಿನ ಲೈನ್ ಮನೆಯಲ್ಲಿ ವಾಸಿಸುವ ತಾಯಿಯೊಬ್ಬರು ಬಾಗಿಲ ಬಳಿ ಕಾದು ನಿಂತಿದ್ದರು. ಅವರು ಒಂದು ದಿನದ ಕೂಲಿಯನ್ನೇ ಕಾಣಿಕೆಗೆ ಹಾಕಿದ್ದರು. ‘ಸ್ವಾಮಿ, ಮನೆ ಹೋದವರಿಗೆ ನಮ್ಮ ದುಡ್ಡು ಮುಟ್ಟಿತಾ?’ ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಆಪಾದನೆಯಿರಲಿಲ್ಲ, ಕಾಳಜಿ ಮಾತ್ರ ಇತ್ತು. ಗುರುಮಠದಲ್ಲಿ ವರ್ಷಗಟ್ಟಲೆ ನೀತಿಶಾಸ್ತ್ರ ಓದಿದ ನಮಗೆ ಉತ್ತರ ಹೊಳೆಯಲಿಲ್ಲ.

ಉತ್ತರ ಧರ್ಮಸಭೆಯ ಕಾನೂನಿನಲ್ಲಿಯೇ ಇದೆ. 1983ರ ಕಾನೂನು ಸಂಹಿತೆಯ 1267ನೆಯ ವಿಧಿಯ ಪ್ರಕಾರ, ನಿರ್ದಿಷ್ಟ ಉದ್ದೇಶಕ್ಕಾಗಿ ವಿಶ್ವಾಸಿಗಳು ಕೊಟ್ಟ ಕಾಣಿಕೆ ಆ ಉದ್ದೇಶಕ್ಕೆ ಮಾತ್ರ ಸಲ್ಲಬೇಕು. 1287ನೆಯ ವಿಧಿಯು ಆ ಕಾಣಿಕೆಗಳ ಲೆಕ್ಕವನ್ನು ವಿಶ್ವಾಸಿಗಳಿಗೆ ಒಪ್ಪಿಸಬೇಕೆನ್ನುತ್ತದೆ. ಪ್ರತಿ ಧರ್ಮಕೇಂದ್ರಕ್ಕೂ ಆರ್ಥಿಕ ಸಮಿತಿ ಇರಬೇಕೆಂಬುದು 537ನೆಯ ವಿಧಿ. ಇದು ಹೊಸ ಮಾತೇನಲ್ಲ. ಜೆರುಸಲೇಮಿನ ಬಡವರಿಗಾಗಿ ಹಣ ಸಂಗ್ರಹಿಸಿದ ಸಂತ ಪೌಲರು ಅದರ ಹೊಣೆಯನ್ನು ಒಬ್ಬರೇ ಹೊರಲಿಲ್ಲ. ದೇವರ ಮುಂದೆ ಮಾತ್ರವಲ್ಲ, ಜನರ ಮುಂದೆಯೂ ನಿಂದೆಗೆ ಎಡೆಯಿರಬಾರದೆಂದು ತೀತನ ಜೊತೆಗೆ ಸಭೆಗಳ ಮೆಚ್ಚುಗೆ ಪಡೆದ ಸಹೋದರರನ್ನೂ ಕಳುಹಿಸಿದರು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎಂಟನೆಯ ಅಧ್ಯಾಯದಲ್ಲಿ ಇದನ್ನು ಕಾಣಬಹುದು.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಪ್ರಭು ಬೋಧಿಸಲಿಲ್ಲವೇ ಎಂದು ಕೆಲವರು ಕೇಳುವರು. ನಿಜ. ಆದರೆ ಪ್ರಭು ಮರೆಮಾಡಲು ಹೇಳಿದ್ದು ಕೊಟ್ಟವನ ಹೆಸರನ್ನು, ಖರ್ಚಿನ ಲೆಕ್ಕವನ್ನಲ್ಲ. ನಾವಾದರೋ ಇದನ್ನು ತಿರುಗುಮುರುಗು ಮಾಡಿದ್ದೇವೆ: ಅಕ್ಕಿ ಚೀಲ ಕೊಡುವಾಗ ಪಡೆಯುವವನನ್ನು ಪಕ್ಕಕ್ಕೆ ನಿಲ್ಲಿಸಿ ಫೋಟೋ ತೆಗೆಸುತ್ತೇವೆ, ಲೆಕ್ಕದ ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇವೆ.

ಕೊಡುವವರಿಗೂ ಒಂದು ಮಾತು. ಶ್ರೀಮಂತರ ಬಳಿ ಮಿಕ್ಕಿ ಉಳಿದದ್ದು ಸಹಜ ಧರ್ಮದ ಪ್ರಕಾರ ಬಡವರಿಗೆ ಸಲ್ಲತಕ್ಕದ್ದೆಂದು ಅಕ್ವೀನಿನ ಸಂತ ಥಾಮಸರು ಬೋಧಿಸಿದರು. ಹಾಗಾದರೆ ಪಡೆಯುವವನು ಭಿಕ್ಷುಕನಲ್ಲ, ಹಕ್ಕುದಾರ. ಕೊಯ್ಲಿನ ಕೂಲಿಯನ್ನು ಬಾಕಿಯಿಟ್ಟುಕೊಂಡು ಚರ್ಚಿನ ಹಬ್ಬಕ್ಕೆ ಧಾರಾಳವಾಗಿ ಕೊಡುವ ಕಾಣಿಕೆ ದೇವರಿಗೆ ಒಪ್ಪಿತವಾದೀತೇ? ನ್ಯಾಯದ ಸಾಲ ತೀರದೆ ದಾನದ ಪುಣ್ಯ ಆರಂಭವಾಗದು. ಹಾಗೆಯೇ ರಸೀದಿ ಕೇಳುವುದು ಅಪನಂಬಿಕೆಯಲ್ಲ; ಹಣ ಹಿಡಿದವನನ್ನು ಶೋಧನೆಯಿಂದ ಕಾಯುವ ಉಪಕಾರವದು.

ಆ ತಾಯಿಯ ಪ್ರಶ್ನೆಯ ನಂತರ ನಾವು ಆರ್ಥಿಕ ಸಮಿತಿಯನ್ನು ಮತ್ತೆ ಕರೆದೆವು. ಸೂರು ಕಳೆದುಕೊಂಡವರು ಇನ್ನೂ ಹೊಸ ಮನೆಗಾಗಿ ಕಾಯುತ್ತಿದ್ದರು. ಉಳಿದ ಹಣವು ಬಾಡಿಗೆ ಮನೆ ಸೇರಿದ್ದ ಕುಟುಂಬಗಳಿಗೆ ಸಂದಿತು. ಬಂದದ್ದೆಷ್ಟು, ಹೋದದ್ದೆಷ್ಟು ಎಂಬುದನ್ನು ಬಲಿಪೂಜೆಯ ಕೊನೆಯಲ್ಲಿ ಓದಿ ಫಲಕದಲ್ಲಿ ಅಂಟಿಸಿದೆವು. ಸಭಾಭವನದ ಮಾಡು ಮತ್ತೂ ಒಂದು ಮಳೆಗಾಲ ಸೋರಿತು. ಅದರಿಂದ ನಮಗೇನೂ ನಷ್ಟವಾಗಲಿಲ್ಲ.

ಪ್ರಿಯ ವಾಚಕರೇ, ನಿಮ್ಮ ಧರ್ಮಕೇಂದ್ರದಲ್ಲಿಯೂ ಹೀಗೆಯೇ ಕೇಳಿ, ಗೌರವದಿಂದ ಕೇಳಿ. ಕೇಳಿದವರ ಮೇಲೆ ಗುರುಗಳು ಮುನಿಯಬಾರದು. ಕೊನೆಯ ದಿನ ನಮ್ಮೆಲ್ಲರನ್ನೂ ಲೆಕ್ಕ ಕೇಳುವವನೊಬ್ಬನಿದ್ದಾನೆ; ಅಲ್ಲಿಯವರೆಗೆ ಒಬ್ಬರಿಗೊಬ್ಬರು ಲೆಕ್ಕ ಕೊಡುವ ಅಭ್ಯಾಸವಿರಲಿ.