ಐಡಿಯಾ ಮೂರು ಪುಟ, ಅರ್ಜಿ ನಲವತ್ತು ಪುಟ

ಪಿಎಚ್‌.ಡಿ ಮಾಡುವವರು ದಿನವಿಡೀ ಪ್ರಯೋಗಾಲಯದಲ್ಲೇ ಇರುತ್ತಾರೆ ಎಂದು ನೀವು ಅಂದುಕೊಂಡಿದ್ದರೆ, ಸಂಶೋಧನಾ ಅನುದಾನಕ್ಕೆ ಅರ್ಜಿ ಕರೆದ ತಿಂಗಳಲ್ಲಿ ಯಾವುದಾದರೂ ವಿಶ್ವವಿದ್ಯಾಲಯಕ್ಕೆ ಬಂದು ನೋಡಿ. ಅರ್ಧ ಜನ ಜೆರಾಕ್ಸ್ ಅಂಗಡಿಯಲ್ಲಿ, ಉಳಿದರ್ಧ ಆಡಳಿತ ಕಚೇರಿಯ ಮೆಟ್ಟಿಲ ಮೇಲೆ!

ನಾನು ರಸಾಯನಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ಪಾವಗಡ ಕಡೆಯ ಕೊಳವೆಬಾವಿ ನೀರಿನಿಂದ ಫ್ಲೋರೈಡ್ ತೆಗೆಯುವ ಅಗ್ಗದ ವಿಧಾನವೊಂದನ್ನು ಪರೀಕ್ಷಿಸಲು ನಮ್ಮ ಗೈಡ್ ಮೇಡಂ ಕಳೆದ ವರ್ಷ ಅನುದಾನ ಕೇಳಿದರು. ಏನು ಮಾಡುತ್ತೇವೆ, ಹೇಗೆ ಮಾಡುತ್ತೇವೆ ಎಂಬುದೆಲ್ಲ ಮೂರು ಪುಟಕ್ಕೆ ಮುಗಿಯಿತು. ಆಮೇಲೆ ಶುರುವಾಯಿತು ನೋಡಿ. ಉಪಕರಣಕ್ಕೆ ಮೂರು ಕಂಪನಿಗಳ ಕೊಟೇಷನ್, ಅವರದೇ ನಮೂನೆಯಲ್ಲಿ ಎಲ್ಲರ ಬಯೊಡೇಟಾ, ಹಳೆಯ ಯೋಜನೆಗಳ ಹಣ ಬಳಕೆ ಪ್ರಮಾಣಪತ್ರ, ಕೃತಿಚೌರ್ಯ ಮಾಡಿಲ್ಲವೆಂಬ ಮುಚ್ಚಳಿಕೆ, ಕುಲಸಚಿವರ ಸಹಿ, ಸೀಲು. ಸಹಿಗೆ ಹೋದ ಫೈಲು ಒಂದೇ ಟೇಬಲ್ ಮೇಲೆ ಒಂಬತ್ತು ದಿನ ಮಲಗಿತ್ತು. ‘ಸಾಹೇಬ್ರು ಮೀಟಿಂಗ್‌ನಲ್ಲಿದಾರೆ, ನಾಳೆ ಬಾಮ್ಮ’ ಎನ್ನುವುದೇ ಉತ್ತರ. ಅಷ್ಟರಲ್ಲಿ ಒಂದು ಕೊಟೇಷನ್ನಿನ ಅವಧಿಯೇ ಮುಗಿದು ಹೊಸದು ತರಿಸಬೇಕಾಯಿತು. ಏಳು ತಿಂಗಳ ನಂತರ ಎರಡು ಸಾಲಿನ ಇಮೇಲ್ ಬಂತು: ಆಯ್ಕೆಯಾಗಿಲ್ಲ.

ಆಯ್ಕೆಯಾಗದಿದ್ದುದಕ್ಕೆ ನನ್ನ ತಕರಾರಿಲ್ಲ, ನಮಗಿಂತ ಒಳ್ಳೆಯ ಅರ್ಜಿಗಳು ಇದ್ದಿರಬಹುದು. ಆದರೆ ಅವರು ತಿರಸ್ಕರಿಸಿದ್ದು ಆ ಮೂರು ಪುಟವನ್ನು. ಉಳಿದ ಪುಟಗಳನ್ನು ಮೊದಲೇ ಕೇಳಿದ್ದೇಕೆ? ಹುಡುಗಿ ನೋಡುವ ಮೊದಲೇ ಛತ್ರ ಬುಕ್ ಮಾಡಿಸಿದ ಹಾಗಾಯಿತು.

ಇದು ನಮ್ಮ ದೇಶದ ಕಾಯಿಲೆ ಮಾತ್ರವಲ್ಲ. ಆಸ್ಟ್ರೇಲಿಯಾದ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿಗೆ 2012ರಲ್ಲಿ ಬಂದ 3,727 ಅರ್ಜಿಗಳ ಬಗ್ಗೆ ಅಲ್ಲಿನ ಸಂಶೋಧಕರು ಲೆಕ್ಕ ಹಾಕಿದ್ದರು. ಒಂದು ಹೊಸ ಅರ್ಜಿಗೆ ಸರಾಸರಿ 38 ಕೆಲಸದ ದಿನಗಳು ಬೇಕಾಗಿದ್ದವು. ಎಲ್ಲ ಸೇರಿದರೆ ಸುಮಾರು 550 ವರ್ಷಗಳ ದುಡಿಮೆ! ಹಣ ಸಿಕ್ಕಿದ್ದು ಶೇ 21ರಷ್ಟು ಅರ್ಜಿಗಳಿಗೆ.

ಬೇರೆ ದಾರಿ ಹುಡುಕಿದವರೂ ಇದ್ದಾರೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಭೂವಿಜ್ಞಾನದ ಕೆಲವು ಕಾರ್ಯಕ್ರಮಗಳಿಗೆ ಕೊನೆಯ ದಿನಾಂಕವನ್ನೇ ತೆಗೆದುಹಾಕಿತು. ಅರ್ಜಿಗಳ ಮಹಾಪೂರ ಬರಬೇಕಿತ್ತಲ್ಲವೇ? ಒಂದೇ ವರ್ಷದಲ್ಲಿ ಶೇ 59ರಷ್ಟು ಕಡಿಮೆಯಾದವು. ತಾರೀಕು ಮುಗಿಯುತ್ತದೆಂದು ಗಡಿಬಿಡಿಯಲ್ಲಿ ಕಳಿಸುವವರು ಹಿಂದೆ ಸರಿದಿರಬೇಕು. ನ್ಯೂಜಿಲೆಂಡ್‌ನ ಆರೋಗ್ಯ ಸಂಶೋಧನಾ ಮಂಡಳಿ ಇನ್ನೂ ಮುಂದೆ ಹೋಗಿ, 2013ರಿಂದ ಒಂದು ಅನುದಾನಕ್ಕೆ ಹೆಸರಿಲ್ಲದ ಚಿಕ್ಕ ಅರ್ಜಿ ಪಡೆದು, ಅರ್ಹವಾದವುಗಳಲ್ಲಿ ಚೀಟಿ ಎತ್ತತೊಡಗಿತು. ಚೀಟಿಯ ಬಗ್ಗೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಹೆಸರು ಮುಚ್ಚಿಡುವುದು ಮಾತ್ರ ನಮ್ಮಂಥ ಜಿಲ್ಲಾ ವಿಶ್ವವಿದ್ಯಾಲಯದವರಿಗೆ ದೊಡ್ಡ ಸಮಾಧಾನ.

ಸರ್ಕಾರದ ದುಡ್ಡು, ದಾಖಲೆ ಬೇಡವೇ ಎಂದು ಕೇಳಬಹುದು. ಖಂಡಿತ ಬೇಕು. ಮೂರು ಪುಟ ಓದಿ ಆರಿಸಿದ ಮೇಲೆ, ಆರಿಸಿದವರಿಂದ ಮಾತ್ರ ಕೇಳಲಿ. ನಮ್ಮಲ್ಲಿ 2023ರ ಕಾಯ್ದೆಯ ಮೂಲಕ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಹುಟ್ಟಿದೆ. ಹೊಸ ಸಂಸ್ಥೆಗೆ ಹಳೆಯ ನಮೂನೆಗಳ ಹಂಗೇಕೆ?

ಉದ್ಯೋಗ ಹುಡುಕುತ್ತಿರುವವರಿಗೂ ಇದು ಸಂಬಂಧಿಸಿದ್ದು. ಒಂದೊಂದು ಯೋಜನೆಯ ಜೊತೆ ಒಂದೆರಡು ಪ್ರಾಜೆಕ್ಟ್ ಅಸಿಸ್ಟೆಂಟ್ ಅಥವಾ ಜೆಆರ್‌ಎಫ್ ಹುದ್ದೆಗಳು ಬರುತ್ತವೆ. ಜೆಆರ್‌ಎಫ್‌ಗೆ ಈಗ ತಿಂಗಳಿಗೆ 37,000 ರೂಪಾಯಿ. ನಮ್ಮ ಯೋಜನೆಗೆ ಸೇರಬೇಕಿದ್ದ ಗೆಳತಿ ಆ ಏಳು ತಿಂಗಳು ಕಾದು, ಕೊನೆಗೆ ಪೀಣ್ಯದ ಒಂದು ಕಾರ್ಖಾನೆಗೆ ಹೋದಳು.

ಮೇಡಂ ಈ ವರ್ಷವೂ ಅರ್ಜಿ ಹಾಕುತ್ತಿದ್ದಾರೆ. ವಿಭಾಗದವರೆಲ್ಲ ಸೇರಿ ಬಯೊಡೇಟಾ, ಮುಚ್ಚಳಿಕೆ, ಪ್ರಮಾಣಪತ್ರಗಳನ್ನು ಒಂದೇ ಗೂಗಲ್ ಡ್ರೈವ್‌ಗೆ ಹಾಕಿಟ್ಟಿದ್ದೇವೆ. ಹೋದ ಸಲ ಎರಡು ವಾರ ತಿಂದ ಕೆಲಸ ಈ ಸಲ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಸಹಿಗೆ ಹೋದ ಫೈಲು ಮಾತ್ರ ಇನ್ನೂ ಬಂದಿಲ್ಲ.